ಯೂರಿಬೇಟಿಸ್ ನೆರಳಿಗೆ ತಾರಸಿಯ ಸಜ್ಜು: ಎಂಟು ಇಂಚಿನ ದೂರದರ್ಶಕ, ಒಂದು ಜಿಪಿಎಸ್ ಪೆಟ್ಟಿಗೆ

ನಾಸಾದ ಲೂಸಿ ನೌಕೆ 2027ರ ಆಗಸ್ಟ್ 12ರಂದು ಯೂರಿಬೇಟಿಸ್ ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋಗಲಿದೆ. ಗುರುವಿನ ಕಕ್ಷೆಯಲ್ಲೇ ಗುರುವಿಗಿಂತ ಮುಂದಾಗಿ ಸಾಗುವ ಟ್ರೋಜನ್ ಗುಂಪಿಗೆ ಸೇರಿದ್ದು. ಅಗಲ ಸುಮಾರು 64 ಕಿ.ಮೀ. ಹೊಳಪು 16ನೇ ಕಾಂತಿಮಾನಕ್ಕಿಂತಲೂ ಕಡಿಮೆ (ಕಾಂತಿಮಾನದ ಸಂಖ್ಯೆ ಹೆಚ್ಚಿದಷ್ಟೂ ಮಂಕು), ಹಾಗಾಗಿ ಬೆಂಗಳೂರಿನ ಆಕಾಶದಲ್ಲಿ ಎಂಟು ಇಂಚಿನ ಕನ್ನಡಿ ಹಿಡಿದು ಅದರ ಬೆಳಕು ಅಳೆಯಲು ಹೊರಡುವುದು ವ್ಯರ್ಥ. ಆದರೆ ಅದು ಒಂದು ನಕ್ಷತ್ರಕ್ಕೆ ಅಡ್ಡ ಬಂದರೆ ಲೆಕ್ಕವೇ ಬೇರೆ. ಆಗ ನೋಡಬೇಕಾದದ್ದು ನಕ್ಷತ್ರ. ಅದು 11ನೇ ಕಾಂತಿಮಾನದ್ದಾಗಿದ್ದರೆ ಬೀದಿದೀಪಗಳ ನಡುವೆಯೂ ಆರಿದ್ದು, ಹತ್ತಿದ್ದು ಚೊಕ್ಕವಾಗಿ ಸಿಗುತ್ತದೆ.

ನೌಕೆ ತಲುಪುವ ಮೊದಲೇ ಗಾತ್ರ, ಆಕಾರ, ಜಾಗವನ್ನು ಬಿಗಿಯಾಗಿ ಹೇಳಬಲ್ಲ ವಿಧಾನ ಆಚ್ಛಾದನೆ, ಅಂದರೆ ಹೀಗೆ ನಕ್ಷತ್ರಕ್ಕೆ ಅಡ್ಡ ಬಂದು ಮರೆಮಾಡುವುದು. 2017ರ ಜುಲೈ 17ರಂದು ಅರ್ಜೆಂಟೀನಾದಲ್ಲಿ 24 ದೂರದರ್ಶಕ ಸಾಲಾಗಿ ನಿಲ್ಲಿಸಿದ್ದರು. ಐದರಲ್ಲಿ ನಕ್ಷತ್ರ ಮರೆಯಾಯಿತು. ನೆಪ್ಚೂನ್ ಆಚೆಯ ಅರೋಕಾತ್ ಎಂಬ ಪುಟ್ಟ ಕಾಯ ಎರಡು ಉಂಡೆ ಅಂಟಿದಂತಿರಬಹುದು ಎಂಬ ಸುಳಿವು ಅಲ್ಲೇ ಸಿಕ್ಕಿತು. ನಾಸಾದ ನ್ಯೂ ಹೊರೈಜನ್ಸ್ ನೌಕೆ ಅಲ್ಲಿಗೆ ಹೋದದ್ದು 2019ರ ಜನವರಿ 1ಕ್ಕೆ. ಲೂಸಿಯ ಇನ್ನೊಂದು ಗುರಿ ಪಾಲಿಮಿಲಿಗೆ ಉಪಗ್ರಹ ಇರುವುದು 2022ರ ಮಾರ್ಚ್ 27ರ ಆಚ್ಛಾದನೆಯಲ್ಲಿ ಗೊತ್ತಾಯಿತು. ನಮ್ಮ ಕಡೆಗೂ ಇದು ಹೊಸತಲ್ಲ: 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದಾಗ ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 1 ಮೀಟರ್ ದೂರದರ್ಶಕದಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಬೆಳಕಿನ ಇಳಿತ ದಾಖಲಿಸಿದ್ದರು. ಯುರೇನಸ್ಸಿಗೆ ಉಂಗುರಗಳಿವೆ ಎಂದು ಲೋಕಕ್ಕೆ ತಿಳಿದದ್ದು ಆ ರಾತ್ರಿಯ ದಾಖಲೆಗಳಿಂದ.

ನಕ್ಷತ್ರದ ಬೆಳಕಿಗೆ ಅಡ್ಡ ಬಂದ ಟ್ರೋಜನ್ ಒಂದರ ನೆರಳು ನೆಲದ ಮೇಲೆ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತದೆ. ಸಮಯದಲ್ಲಿ 0.1 ಸೆಕೆಂಡು ತಪ್ಪಿದರೆ ಅಳತೆಯಲ್ಲಿ 1.7 ಕಿ.ಮೀ. ತಪ್ಪು. ಆದ್ದರಿಂದ ಈ ದಾಖಲೆಯ ಮುಕ್ಕಾಲು ಪಾಲು ಗಡಿಯಾರದ ವಿಷಯವೇ.

ಹಂತ 1: ಫೋಕಸ್ ಸಿಗಲಿಲ್ಲ

ದೂರದರ್ಶಕ 203 ಮಿ.ಮೀ. ವ್ಯಾಸದ, 1200 ಮಿ.ಮೀ. ಫೋಕಲ್ ಉದ್ದದ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ದೂರದರ್ಶಕ. ಮೋಟರ್ ಇಲ್ಲ, ಬೇಕಾಗಿಯೂ ಇಲ್ಲ; ಕಾರಣ ಹಂತ 5ರಲ್ಲಿದೆ. ಕ್ಯಾಮೆರಾ ಐಎಂಎಕ್ಸ್290 ಸೆನ್ಸರ್‌ನ ಕಪ್ಪು-ಬಿಳುಪಿನದು, ಸೆಕೆಂಡ್ ಹ್ಯಾಂಡ್‌ನಲ್ಲಿ ₹18,000. ಸೆನ್ಸರ್ ಚಿಕ್ಕದು. ನೋಟ ಅಗಲವಾಗಲೆಂದು ಕ್ಯಾಮೆರಾ ಮೂಗಿಗೆ 0.5 ಪಟ್ಟಿನ ಫೋಕಲ್ ರೆಡ್ಯೂಸರ್ ತಿರುಗಿಸಿ ಹಾಕಿದ್ದು, ₹1,900. ಆಗ ಪರಿಣಾಮದ ಉದ್ದ 600 ಮಿ.ಮೀ., ಒಂದು ಪಿಕ್ಸೆಲ್‌ಗೆ 1 ಆರ್ಕ್ ಸೆಕೆಂಡು, ನೋಟ 32 × 18 ಆರ್ಕ್ ಮಿನಿಟು (ಒಂದು ಡಿಗ್ರಿಗೆ 60 ಆರ್ಕ್ ಮಿನಿಟು, ಒಂದು ಆರ್ಕ್ ಮಿನಿಟಿಗೆ 60 ಆರ್ಕ್ ಸೆಕೆಂಡು).

ಹಾಕಿದ ಕೂಡಲೇ ಫೋಕಸ್ ಕೈಕೊಟ್ಟಿತು. ರೆಡ್ಯೂಸರ್ ಹಾಕಿದರೆ ಬಿಂಬ ಮೂಡುವ ಜಾಗ ಕೊಳವೆಯ ಕಡೆಗೆ ಸರಿಯುತ್ತದೆ. ಫೋಕಸರ್ ಪೂರ್ತಿ ಒಳಗೆ ತಳ್ಳಿದರೂ ಸಾಲದು. ಎಷ್ಟು ಸಾಲದು ಎಂದು ಅಳೆಯಲು ಸುಲಭ ದಾರಿ: ಕ್ಯಾಮೆರಾ ಬಿಚ್ಚಿ, ರೆಡ್ಯೂಸರ್ ಹಿಂದೆ ಟ್ರೇಸಿಂಗ್ ಹಾಳೆ ಹಿಡಿದು, ಚಂದ್ರನ ಬಿಂಬ ಎಲ್ಲಿ ಮೊನಚಾಗುತ್ತದೆ ನೋಡಿ. ಇಲ್ಲಿ ಸಿಕ್ಕ ಅಂತರ 22 ಮಿ.ಮೀ.

ಮೊದಲ ಪ್ರಯತ್ನ ತಪ್ಪು. ಎಸ್‌ಜೆಪಿ ರಸ್ತೆಯಿಂದ ಉದ್ದನೆಯ ಬೋಲ್ಟ್ ತಂದು ಮುಖ್ಯ ಕನ್ನಡಿಯನ್ನು ಅದು ಕೂತಿರುವ ಹಿಡಿಕೆಯಲ್ಲೇ 25 ಮಿ.ಮೀ. ಮೇಲೆತ್ತಿದ್ದು. ಫೋಕಸ್ ಸಿಕ್ಕಿತು, ಆದರೆ ಹಳೆಯ ಸ್ಪ್ರಿಂಗ್‌ಗಳಿಗೆ ಬಿಗಿ ಉಳಿಯಲಿಲ್ಲ. ಕೊಳವೆ ನೆತ್ತಿಯಿಂದ 40 ಡಿಗ್ರಿಗೆ ಇಳಿಸುವಷ್ಟರಲ್ಲಿ ಕನ್ನಡಿ ವಾಲಿ ನಕ್ಷತ್ರಗಳೆಲ್ಲ ಬಾಲ ಬಿಟ್ಟವು. ಆ ₹120 ನೀರಿಗೆ ಹೋಯಿತು. ಸರಿಯಾದ ದಾರಿ ಹಿಡಿಕೆಯನ್ನೇ ಸರಿಸುವುದು: ಕನ್ನಡಿ ಹೊರತೆಗೆದು ಬಟ್ಟೆಯಲ್ಲಿ ಸುತ್ತಿಟ್ಟು, ಕೊಳವೆಗೆ 25 ಮಿ.ಮೀ. ಮೇಲೆ ಮೂರು ಹೊಸ ರಂಧ್ರ ಕೊರೆದು, ಲೋಹದ ಪುಡಿಯನ್ನೆಲ್ಲ ಒರೆಸಿ ತೆಗೆದ ಮೇಲೆ ಮತ್ತೆ ಜೋಡಿಸಬೇಕು. ಪುಡಿ ಒಳಗೆ ಉಳಿದರೆ ಕನ್ನಡಿಯ ಲೇಪಕ್ಕೆ ಗೀರು ಗ್ಯಾರಂಟಿ. ಬೆಳಕನ್ನು ಫೋಕಸರ್ ಕಡೆಗೆ ತಿರುಗಿಸುವ ಎರಡನೇ ಕನ್ನಡಿಯ ಅಂಚಿನಲ್ಲಿ ಸ್ವಲ್ಪ ಬೆಳಕು ಕಳೆದುಹೋಗುತ್ತದೆ, ಅದು ಲೆಕ್ಕಕ್ಕಿಲ್ಲ.

ಹಂತ 2: ಕಾಲದ ಪೆಟ್ಟಿಗೆ

ಜಿಪಿಎಸ್ ಪ್ರತಿ ಸೆಕೆಂಡಿಗೆ ಕೊಡುವ ಮಿಡಿತವನ್ನು ಎಲ್‌ಇಡಿ ಮಿಂಚಾಗಿ ಚಿತ್ರದೊಳಗೇ ದಾಖಲಿಸುವುದು ಈ ಪೆಟ್ಟಿಗೆಯ ಕೆಲಸ. ಎಸ್‌ಪಿ ರಸ್ತೆಯಲ್ಲಿ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ಎರಡು, ಒಂದಕ್ಕೆ ₹380. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ನಿಯಂತ್ರಕ ಬೋರ್ಡು ₹260. ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಂಪು ಎಲ್‌ಇಡಿ, ಬೋರ್ಡು, ಪ್ಲಾಸ್ಟಿಕ್ ಡಬ್ಬಿ ಸೇರಿ ₹190.

ಕೊಳ್ಳುವಾಗ ಒಂದು ಎಚ್ಚರ. ನೀಲಿ ಬೋರ್ಡಿನ ಅಗ್ಗದ ಮಾಡ್ಯೂಲ್‌ಗಳಲ್ಲಿ ಹೊರಗೆ ನಾಲ್ಕೇ ಪಿನ್: ವಿದ್ಯುತ್ತು, ಗ್ರೌಂಡ್, ಕಳಿಸುವುದು, ಪಡೆಯುವುದು. ನಮಗೆ ಬೇಕಾದ ಪ್ರತಿ ಸೆಕೆಂಡಿನ ಮಿಡಿತ ಹೊರಗೆ ಬಂದಿರುವುದಿಲ್ಲ. ಅದು ಚಿಪ್‌ನ 3ನೇ ಪಿನ್‌ನಲ್ಲಿದೆ. ಬೋರ್ಡಿನ ಮೇಲೆ ಮಿನುಗುವ ಪುಟ್ಟ ಎಲ್‌ಇಡಿಗೂ ಅದೇ ಮಿಡಿತ. ಮೊನಚು ತುದಿಯ ಬೆಸುಗೆ ಐರನ್, ಕೂದಲೆಳೆಯಂಥ ತಂತಿ, ಭೂತಗನ್ನಡಿ ಇಟ್ಟುಕೊಂಡು ಅಲ್ಲಿಂದ ತಂತಿ ಎಳೆದದ್ದಾಯಿತು. ಬೆಸುಗೆಯ ಮೇಲೆ ಒಂದು ಹನಿ ಬಿಸಿ ಗೋಂದು ಹಾಕಿ, ಇಲ್ಲದಿದ್ದರೆ ಡಬ್ಬಿ ಮುಚ್ಚುವಾಗಲೇ ಕಿತ್ತು ಬರುತ್ತದೆ.

ಇಲ್ಲಿ ಆದ ದೊಡ್ಡ ತಪ್ಪು, ಮಿಡಿತವನ್ನು ನ್ಯಾನೋ ಓದಿ ಅದರ ಮೂಲಕ ಎಲ್‌ಇಡಿ ಹತ್ತಿಸಿದ್ದು. ಅದೇ ನ್ಯಾನೋ ಎಲ್‌ಸಿಡಿ ಪರದೆಯ ಮೇಲೆ ಸಮಯವನ್ನೂ ಬರೆಯುತ್ತಿತ್ತು. ಬರೆಯುತ್ತಿರುವಾಗ ಮಿಡಿತ ಬಂದರೆ ಎಲ್‌ಇಡಿ ತಡ. ಪರೀಕ್ಷಿಸಿದ್ದು ಹೀಗೆ: ಮಿಡಿತದಿಂದ ನೇರವಾಗಿ ಹತ್ತುವ ಇನ್ನೊಂದು ಎಲ್‌ಇಡಿಯನ್ನು ಪಕ್ಕದಲ್ಲಿಟ್ಟು, ಎರಡನ್ನೂ ಸೆಕೆಂಡಿಗೆ 200 ಚೌಕಟ್ಟಿನಂತೆ ಚಿತ್ರಿಸಿದ್ದು. ತಡ ಕೆಲವೊಮ್ಮೆ ಸೊನ್ನೆ, ಕೆಲವೊಮ್ಮೆ 25 ಮಿಲಿಸೆಕೆಂಡು. ಒಂದೇ ಅಳತೆಯ ತಡವಾಗಿದ್ದರೆ ಕಳೆದುಬಿಡಬಹುದಿತ್ತು. ಹೀಗೆ ಹಾರಾಡುವ ತಡಕ್ಕೆ ಮದ್ದಿಲ್ಲ.

ಈಗಿರುವ ಜೋಡಣೆ: ಮಿಡಿತದ ತಂತಿ 4.7 ಕಿಲೋ ಓಮ್ ಮೂಲಕ ಒಂದು 2ಎನ್2222 ಟ್ರಾನ್ಸಿಸ್ಟರ್‌ಗೆ, ಅದರ ಸರಣಿಯಲ್ಲಿ ಇನ್ನೊಂದು ಟ್ರಾನ್ಸಿಸ್ಟರ್. ಎರಡನೆಯದನ್ನು ಮಾತ್ರ ನ್ಯಾನೋ ತೆರೆದು ಮುಚ್ಚುತ್ತದೆ. ಬಾಗಿಲು ತೆಗೆಯುವ ಕೆಲಸ ನ್ಯಾನೋದ್ದು, ಗಂಟೆ ಹೊಡೆಯುವುದು ಜಿಪಿಎಸ್. ಬಾಗಿಲು ಪ್ರತಿ ಸಮಸಂಖ್ಯೆಯ ನಿಮಿಷದ 00ರಿಂದ 04ನೇ ಸೆಕೆಂಡಿನವರೆಗೆ ತೆರೆದಿರುತ್ತದೆ, ಐದು ಮಿಂಚು ಬೀಳುತ್ತವೆ. ನಕ್ಷತ್ರ ಮರೆಯಾಗುವ ಹೊತ್ತು ಆ ಐದು ಸೆಕೆಂಡಿಗೆ ಬೀಳುವಂತಿದ್ದರೆ ಸ್ವಿಚ್ ಒತ್ತಿ ಬೆಸ ನಿಮಿಷಕ್ಕೆ ಬದಲಿಸಬಹುದು.

ಇನ್ನೊಂದು ಬಲೆ ಗಮನಕ್ಕೆ ಬಂದದ್ದು ತಡವಾಗಿ. ಜಿಪಿಎಸ್ ಕಾಲಕ್ಕೂ ಲೋಕದ ಗಡಿಯಾರಗಳೆಲ್ಲ ಅನುಸರಿಸುವ ಯುಟಿಸಿ ಕಾಲಕ್ಕೂ 2017ರ ಜನವರಿ 1ರಿಂದ 18 ಸೆಕೆಂಡು ಅಂತರವಿದೆ. ಈ ಸಂಖ್ಯೆಯನ್ನು ಉಪಗ್ರಹಗಳು ಹೇಳುತ್ತವೆ, ಆದರೆ ಅವುಗಳ ಪೂರ್ತಿ ಸಂದೇಶ ಒಂದು ಸುತ್ತು ಮುಗಿಯಲು 12.5 ನಿಮಿಷ ಬೇಕು. ಅಲ್ಲಿಯವರೆಗೆ ಹಳೆಯ ಮಾಡ್ಯೂಲ್ ತನ್ನೊಳಗೆ ಮೊದಲೇ ಬರೆದಿಟ್ಟ ಹಳೆಯ ಸಂಖ್ಯೆ ಹಿಡಿದು ಲೆಕ್ಕ ಹಾಕುತ್ತದೆ. ಪೆಟ್ಟಿಗೆ ಮೊದಲ ಕೆಲವು ನಿಮಿಷ ಸರಿಯಾಗಿ 3 ಸೆಕೆಂಡು ಮುಂದೆ ಓಡುತ್ತಿತ್ತು. ಮಿಡಿತ ನಿಖರ, ಹೆಸರು ತಪ್ಪು. ಮೂರು ಸೆಕೆಂಡೆಂದರೆ 51 ಕಿ.ಮೀ., ಹೆಚ್ಚುಕಡಿಮೆ ಯೂರಿಬೇಟಿಸ್‌ನಷ್ಟೇ ಅಗಲ! ಲ್ಯಾಪ್‌ಟಾಪ್‌ನ ಅಂತರ್ಜಾಲ ಕಾಲದೊಂದಿಗೆ ಹೋಲಿಸಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಎಂದಿಗೂ ತಿಳಿಯುತ್ತಿರಲಿಲ್ಲ. ಈಗ ನಿಯಮ: ತೆರೆದ ಆಕಾಶದಡಿ ಪೆಟ್ಟಿಗೆ ಹಚ್ಚಿ 20 ನಿಮಿಷ ಮುಟ್ಟಬಾರದು, ಅಂತರ್ಜಾಲ ಕಾಲದೊಂದಿಗೆ ಸೆಕೆಂಡು ಹೊಂದಿದೆಯೇ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಹಾಗಾದರೆ ಲ್ಯಾಪ್‌ಟಾಪ್ ಗಡಿಯಾರವೇ ಸಾಲದೇ ಎಂದರೆ, ಸಾಲದು. ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಬರುವ ಕಾಲ 30ರಿಂದ 200 ಮಿಲಿಸೆಕೆಂಡು ಆಚೀಚೆ ಆಗುತ್ತದೆ. ಅದು ಸೆಕೆಂಡಿನ ಹೆಸರು ಹೇಳಲಷ್ಟೇ ಯೋಗ್ಯ.

ಹಂತ 3: ಎಲ್‌ಇಡಿ ಎಷ್ಟು ಮಂಕಿರಬೇಕು

330 ಓಮ್ ರೆಸಿಸ್ಟರ್ ಹಾಕಿ ಕೊಳವೆಯ ಬಾಯಲ್ಲಿ ಇಟ್ಟಾಗ ಇಡೀ ಚೌಕಟ್ಟು ಬೆಳ್ಳಗೆ. 10 ಕಿಲೋ ಓಮ್‌ಗೂ ಹಾಗೇ. 47 ಕಿಲೋ ಓಮ್ ಹಾಕಿ, ಮೇಲೆ ಎರಡು ಸುತ್ತು ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ, ಕೊಳವೆಯ ಒಳಗೋಡೆಯ ಕಡೆಗೆ ಮುಖ ಮಾಡಿಸಿದ ಮೇಲೆ ಹಿನ್ನೆಲೆ ಬೆಳಕು ಒಂದೂವರೆ ಪಟ್ಟು ಏರುವಷ್ಟಾಯಿತು. ಅಷ್ಟು ಸಾಕು.

ಹಂತ 4: ಸಾಲು ಸಾಲಾಗಿ ಓದುವ ಸೆನ್ಸರ್

ಐಎಂಎಕ್ಸ್290 ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಹಿಡಿಯುವುದಿಲ್ಲ, ಮೇಲಿನ ಸಾಲಿನಿಂದ ಕೆಳಕ್ಕೆ ಓದುತ್ತಾ ಹೋಗುತ್ತದೆ. ಎಲ್‌ಇಡಿ ಇದನ್ನು ಕಣ್ಣಿಗೆ ತೋರಿಸಿತು: ಮಿಂಚು ಹತ್ತಿದ ಚೌಕಟ್ಟಿನಲ್ಲಿ ಒಂದು ಭಾಗ ಮಾತ್ರ ಬೆಳಗಿ ಅಡ್ಡಗೆರೆ ಮೂಡುತ್ತದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಎಷ್ಟು ಹೊತ್ತಿನ ಅಂತರ ಎಂದು ಆ ಗೆರೆ ಸರಿಯುವುದರಿಂದಲೇ ಲೆಕ್ಕ ಸಿಗುತ್ತದೆ. ಯುಎಸ್‌ಬಿ 3 ಕಿಂಡಿಯಲ್ಲಿ ಪೂರ್ತಿ ಚೌಕಟ್ಟಿಗೆ 6 ಮಿಲಿಸೆಕೆಂಡು. ಅದೇ ಕ್ಯಾಮೆರಾವನ್ನು ಹಳೆಯ ಲ್ಯಾಪ್‌ಟಾಪ್‌ನ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದಾಗ 50ರ ಮೇಲೆ. ನಕ್ಷತ್ರ ಚೌಕಟ್ಟಿನ ಬುಡದಲ್ಲಿದ್ದರೆ ಯಾವ ತಂತ್ರಾಂಶವೂ ಹೇಳದ 50 ಮಿಲಿಸೆಕೆಂಡಿನ ತಪ್ಪು. ಕೇಬಲ್ ಕೂಡ ನೋಡಿಕೊಳ್ಳಿ: ಅಗ್ಗದ ಉದ್ದನೆಯ ಕೇಬಲ್ ಹಾಕಿದರೆ ಯುಎಸ್‌ಬಿ 3 ಸದ್ದಿಲ್ಲದೆ 2ಕ್ಕೆ ಇಳಿಯುತ್ತದೆ.

ಎಕ್ಸ್‌ಪೋಶರ್ ಮೊದಲು 33 ಮಿಲಿಸೆಕೆಂಡು ಇಟ್ಟದ್ದು. ಹಿನ್ನೆಲೆಯಲ್ಲಿ ಅಡ್ಡಪಟ್ಟಿಗಳು ಏರಿಳಿಯುತ್ತಿದ್ದವು. ಕಾರಣ ಬೀದಿದೀಪ: ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಕ್ಸ್‌ಪೋಶರ್ 10ರ ಗುಣಕವಾಗಿದ್ದರೆ ಪಟ್ಟಿ ಮಾಯ. ಈಗ 40, ಮಂಕು ನಕ್ಷತ್ರಕ್ಕೆ 100. ಈ ತಾರಸಿಯಲ್ಲಿ 40 ಮಿಲಿಸೆಕೆಂಡಿಗೆ 11.5ನೇ ಕಾಂತಿಮಾನದವರೆಗೆ, 100ಕ್ಕೆ 12.5ರವರೆಗೆ ನಂಬಬಹುದಾದ ಬೆಳಕಿನ ಗೆರೆ ಸಿಗುತ್ತದೆ. ಮಂಜು ಮುಸುಕಿದ ರಾತ್ರಿಗೆ ಅರ್ಧ ಕಾಂತಿಮಾನ ಕಳೆಯಿರಿ.

16 ಬಿಟ್‌ನ ಪೂರ್ತಿ ಚೌಕಟ್ಟು, ಸೆಕೆಂಡಿಗೆ 25: ಅಂದರೆ ಸೆಕೆಂಡಿಗೆ 106 ಎಂಬಿ. ಹಳೆಯ ಹಾರ್ಡ್ ಡಿಸ್ಕ್‌ಗೆ ಅದು ತಡೆಯದೆ ನಡುನಡುವೆ ಚೌಕಟ್ಟುಗಳು ಉದುರಿದವು. ಉದ್ದದಲ್ಲಿ 1936 ಪಿಕ್ಸೆಲ್ ಉಳಿಸಿಕೊಂಡು ಎತ್ತರವನ್ನು 320ಕ್ಕೆ ಕತ್ತರಿಸಿದ ಮೇಲೆ 31 ಎಂಬಿಗೆ ಇಳಿಯಿತು. ನಾಲ್ಕು ನಿಮಿಷಕ್ಕೆ 7.4 ಜಿಬಿ, ಎಸ್‌ಎಸ್‌ಡಿಗೆ ನೇರ. ಚೌಕಟ್ಟಿನ ಅಂತರಗಳನ್ನು ಪಟ್ಟಿ ಮಾಡಿ ಒಂದೊಂದಾಗಿ ನೋಡುವುದು ಕಡ್ಡಾಯ. ಉದುರಿದ ಒಂದೇ ಚೌಕಟ್ಟು ಮುಂದಿನ ಎಲ್ಲ ಎಣಿಕೆಯನ್ನೂ ಕೆಡಿಸುತ್ತದೆ.

ಹಂತ 5: ಮೊದಲೇ ಗುರಿ ಇಟ್ಟು ಬಿಡುವುದು

ಕೊಳವೆಯನ್ನು ಅಲುಗಾಡದಂತೆ ನಿಲ್ಲಿಸಿಬಿಟ್ಟರೆ ಭೂಮಿಯೇ ತಿರುಗಿ ನಕ್ಷತ್ರವನ್ನು ನೋಟಕ್ಕೆ ತರುತ್ತದೆ. ಅರ್ಧ ಗಂಟೆ ಮೊದಲು ಗುರಿ ಇಡುವುದಾದರೆ, ಗುರಿ ನಕ್ಷತ್ರದಷ್ಟೇ ಕ್ರಾಂತಿ (ಆಕಾಶದ ಅಕ್ಷಾಂಶ) ಇರುವ, ಅದಕ್ಕಿಂತ 30 ನಿಮಿಷ 5 ಸೆಕೆಂಡು ಕಡಿಮೆ ವಿಷುವಾಂಶ (ಆಕಾಶದ ರೇಖಾಂಶ, ಗಂಟೆ-ನಿಮಿಷಗಳಲ್ಲಿ) ಇರುವ ಜಾಗಕ್ಕೆ ಕೊಳವೆ ತಿರುಗಿಸಿ, ಆಸ್ಟ್ಯಾಪ್ ತಂತ್ರಾಂಶದಲ್ಲಿ ಚಿತ್ರ ಹೊಂದಿಸಿ ಖಚಿತಪಡಿಸಿಕೊಂಡು, ಕೈ ತೆಗೆದುಬಿಡಬೇಕು. ಕ್ಯಾಮೆರಾದ ಉದ್ದಬದಿ ಪೂರ್ವ-ಪಶ್ಚಿಮಕ್ಕೆ ಸರಿಯಾಗಿ ಬರುವಂತೆ ತಿರುಗಿಸಿದರೆ ನಕ್ಷತ್ರ 32 ಆರ್ಕ್ ಮಿನಿಟು ದಾಟಲು ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಕತ್ತರಿಸಿ ಉಳಿದ ಪಟ್ಟಿಯ ಎತ್ತರ 5 ಆರ್ಕ್ ಮಿನಿಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ, ಹಾಗಾಗಿ ಕ್ರಾಂತಿಯಲ್ಲಿ ಎರಡೂವರೆ ಆರ್ಕ್ ಮಿನಿಟಿಗಿಂತ ತಪ್ಪಬಾರದು.

ಮೊದಲ ರಾತ್ರಿ ತಪ್ಪಿತು. ಮಿಥುನದ ಒಂದು ನಕ್ಷತ್ರಕ್ಕೆ ಎರಡು ಗಂಟೆ ಮೊದಲೇ ಗುರಿ ಇಟ್ಟಿದ್ದು. ಬಳಸಿದ ನಕ್ಷೆ 2000ನೇ ಇಸವಿಯ ನಿರ್ದೇಶಾಂಕಗಳದ್ದು. ಅಕ್ಷದ ಅಯನದಿಂದ ಈ ಕಾಲು ಶತಮಾನದಲ್ಲಿ ಆಕಾಶದ ಬೇರೆ ಬೇರೆ ಭಾಗದ ಕ್ರಾಂತಿ ಬೇರೆ ಬೇರೆಯಷ್ಟು ಸರಿದಿದೆ. 6 ಗಂಟೆ ವಿಷುವಾಂಶದ ಆಸುಪಾಸಿನಲ್ಲಿ 30 ಡಿಗ್ರಿ ದೂರದ ಎರಡು ಜಾಗಗಳ ನಡುವೆ ಆ ವ್ಯತ್ಯಾಸ 4 ಆರ್ಕ್ ಮಿನಿಟು ಮೀರುತ್ತದೆ. ನಕ್ಷತ್ರ ನೋಟದ ಪಟ್ಟಿಯ ಹೊರಗೇ ಹಾದುಹೋಯಿತು. ನಾಲ್ಕು ನಿಮಿಷದ ಖಾಲಿ ಚಿತ್ರ ಉಳಿಯಿತು. ಇಂದಿನ ದಿನಾಂಕದ ನಿರ್ದೇಶಾಂಕ ಹಾಕಿದರೆ ಈ ತೊಂದರೆ ಪೂರ್ತಿ ಹೋಗುತ್ತದೆ. ಅದರ ಜೊತೆಗೆ ಗುರಿ ಇಡುವುದನ್ನೂ ಅರ್ಧ ಗಂಟೆಗೆ ಇಳಿಸಿದ್ದಾಯಿತು, ಏಕೆಂದರೆ ಕಾಯುವ ಹೊತ್ತು ಹೆಚ್ಚಾದಷ್ಟೂ ಕೊಳವೆಗೆ ಯಾರಾದರೂ ತಾಗುವ ಸಂಭವ ಹೆಚ್ಚು.

ಹಂತ 6: ತಾರಸಿ

ಸ್ಲ್ಯಾಬ್‌ನ ನಟ್ಟನಡುವೆ ಇಟ್ಟಾಗ ಕೆಳಗಿನ ಮನೆಯವರು ಓಡಾಡಿದರೂ ನಕ್ಷತ್ರ ನಡುಗುತ್ತಿತ್ತು. ಕಂಬ ಮತ್ತು ತೊಲೆ ಸೇರುವ ಮೂಲೆಗೆ, ಪ್ಯಾರಪೆಟ್ ಹತ್ತಿರ ಸರಿಸಿದ ಮೇಲೆ ನಿಂತಿತು. ನೀರಿನ ಮೋಟರ್ ಹಾಕಿದರೆ ಮಾತ್ರ ಎಲ್ಲಿದ್ದರೂ ನಡುಕ. ವಾಚ್‌ಮನ್‌ಗೆ ಮೊದಲೇ ಹೇಳಿಡಬೇಕು.

ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಬ್ಬನಿ ಎರಡನೇ ಕನ್ನಡಿಯ ಮೇಲೆ ಕೂರುತ್ತದೆ. ಅದರ ಬೆನ್ನಿಗೆ 47 ಓಮ್, 2 ವ್ಯಾಟ್‌ನ ಎರಡು ರೆಸಿಸ್ಟರ್ ಸರಣಿಯಲ್ಲಿ ಅಂಟಿಸಿ 12 ವೋಲ್ಟ್ ಕೊಟ್ಟರೆ ಒಂದೂವರೆ ವ್ಯಾಟ್ ಶಾಖ, ಅಷ್ಟಕ್ಕೇ ಒಣಗಿರುತ್ತದೆ. ₹20. ಕೊಳವೆಯ ಬಾಯಿಗೆ ಯೋಗ ಚಾಪೆ ಸುತ್ತಿದ್ದು ₹220. ಕರೆಂಟ್ ನಂಬಬೇಡಿ: ಪೆಟ್ಟಿಗೆ, ಹೀಟರ್ ಎರಡೂ 12 ವೋಲ್ಟ್, 7 ಆಂಪಿಯರ್-ಗಂಟೆಯ ಯುಪಿಎಸ್ ಬ್ಯಾಟರಿಯಲ್ಲಿ, ₹1,100. ದೂರದರ್ಶಕ, ಲ್ಯಾಪ್‌ಟಾಪ್ ಬಿಟ್ಟು, ವ್ಯರ್ಥವಾದ ಬೋಲ್ಟುಗಳೂ ಸೇರಿ ಒಟ್ಟು ಖರ್ಚು ₹22,570.

ಹಂತ 7: ಮೂರು ರಾತ್ರಿ

ಮೊದಲ ರಾತ್ರಿಯ ಕಥೆ ಮೇಲಿದೆ. ಮೂರೂ ಅಭ್ಯಾಸಕ್ಕೆಂದು ಆರಿಸಿದ, ಮಂಗಳ-ಗುರುಗಳ ನಡುವಿನ ಮುಖ್ಯಪಟ್ಟಿಯ ಕ್ಷುದ್ರಗ್ರಹಗಳು. ಮುನ್ಸೂಚನೆ ಅಕಲ್ಟ್ ವಾಚರ್ ತಂತ್ರಾಂಶದಿಂದ.

ಎರಡನೇ ರಾತ್ರಿ ಎಲ್ಲವೂ ಸರಿಯಾಗಿ ನಡೆಯಿತು, ನಕ್ಷತ್ರ ಮರೆಯಾಗಲಿಲ್ಲ. ನೆರಳಿನ ಅಂಚು ನಗರದ ಹೊರಗೇ ಹಾದಿತ್ತು. ಇದನ್ನು ಸೋಲೆಂದು ಎಸೆಯಬಾರದು. ಇಲ್ಲಿ ಕಾಣಲಿಲ್ಲ ಎಂಬುದೂ ಕ್ಷುದ್ರಗ್ರಹದ ಅಂಚಿಗೆ ಎಳೆದ ಗಡಿಯೇ, ವರದಿ ಕಳಿಸಲೇಬೇಕು.

ಮೂರನೇ ರಾತ್ರಿ ನಕ್ಷತ್ರ 11.1ನೇ ಕಾಂತಿಮಾನದ್ದು, ಗರಿಷ್ಠ 4.6 ಸೆಕೆಂಡು ಮರೆಯಾಗುತ್ತದೆ ಎಂಬ ಮುನ್ಸೂಚನೆ. ದಾಖಲಾದದ್ದು 80 ಚೌಕಟ್ಟು, ಅಂದರೆ 3.2 ಸೆಕೆಂಡು. ಪೈಮೂವಿ ತಂತ್ರಾಂಶದಲ್ಲಿ ಬೆಳಕಿನ ಗೆರೆ ತೆಗೆದು ಪೈಓಟಿಇ ತಂತ್ರಾಂಶದಲ್ಲಿ ಆರಿದ, ಹತ್ತಿದ ಗಳಿಗೆ ಹುಡುಕಿದಾಗ ತಲಾ 0.03 ಸೆಕೆಂಡಿನ ಅನಿಶ್ಚಿತತೆ. ನೆರಳಿನ ವೇಗ ಸೆಕೆಂಡಿಗೆ 14 ಕಿ.ಮೀ. ಆದ್ದರಿಂದ ಅಂಚು ಸುಮಾರು 400 ಮೀಟರ್ ಒಳಗೆ ಸಿಕ್ಕಂತೆ. ಪಟ್ಟಿಯೊಳಗೆ ಹೋಲಿಕೆಗೆ ಇನ್ನೊಂದು ನಕ್ಷತ್ರ ಇದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಆ 3.2 ಸೆಕೆಂಡೂ ಅದು ಬದಲಾಗದೆ ಉರಿಯುತ್ತಿತ್ತು, ಆದ್ದರಿಂದ ಮರೆಮಾಡಿದ್ದು ಮೋಡವಲ್ಲ. ಹೋಲಿಕೆ ನಕ್ಷತ್ರವಿಲ್ಲದ ಚಿತ್ರಕ್ಕೆ ಸಾಕ್ಷಿಯ ಬೆಲೆ ಇಲ್ಲ. ಗುರಿ ಇಡುವಾಗಲೇ ಒಂದನ್ನು ಪಟ್ಟಿಯೊಳಗೆ ಸೇರಿಸಿಕೊಳ್ಳಿ, ಅದಕ್ಕಾಗಿ ಗುರಿ ನಕ್ಷತ್ರ ನಡುವಿನಿಂದ ಒಂದು ಆರ್ಕ್ ಮಿನಿಟು ಮೇಲೋ ಕೆಳಗೋ ಹೋದರೂ ಸರಿ.

ಹಂತ 8: ಎರಡನೇ ಪೆಟ್ಟಿಗೆ

ಒಂದು ತಾರಸಿಯಿಂದ ಕ್ಷುದ್ರಗ್ರಹಕ್ಕೆ ಅಡ್ಡ ಎಳೆದ ಒಂದು ಗೆರೆ ಮಾತ್ರ ಸಿಗುತ್ತದೆ, ಆಕಾರ ಸಿಗುವುದಿಲ್ಲ. ನೆರಳಿನ ದಾರಿ ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿದ್ದರೆ ವೀಕ್ಷಕರು ಉತ್ತರ-ದಕ್ಷಿಣ ಹರಡಿಕೊಳ್ಳಬೇಕು. ದೊಡ್ಡಬಳ್ಳಾಪುರದಿಂದ ಕನಕಪುರಕ್ಕೆ ನೇರ ಸುಮಾರು 80 ಕಿ.ಮೀ.; ಯೂರಿಬೇಟಿಸ್‌ನ ನೆರಳು ಆ ನಡುವೆ ಹಿಡಿಸುತ್ತದೆ. ಈ ಎರಡು ಊರುಗಳ ಜೊತೆಗೆ ಯಲಹಂಕ, ಜಯನಗರ, ಹಾರೋಹಳ್ಳಿಗಳಲ್ಲೂ ಒಂದೊಂದು ಡಾಬ್ಸೋನಿಯನ್ ಇದ್ದರೆ ಐದು ಗೆರೆ. ಮೋಟರ್ ಇಲ್ಲದ, ಕಾರಿನ ಹಿಂದಿನ ಸೀಟಿನಲ್ಲಿ ಹೋಗುವ ದೂರದರ್ಶಕವೇ ಸಾಕಾಗುವುದರಿಂದ ಇದು ನಿಜಕ್ಕೂ ಆಗುವ ಮಾತು. ಯೂರಿಬೇಟಿಸ್‌ನ ಉಪಗ್ರಹ ಕ್ವೀಟಾ ಮಾತ್ರ ಕಿಲೋಮೀಟರ್ ಆಸುಪಾಸಿನದು. ಅದರ ನೆರಳು ಒಬ್ಬರ ಮೇಲೆ 0.06 ಸೆಕೆಂಡು ಬಿದ್ದರೆ ಹೆಚ್ಚು, 40 ಮಿಲಿಸೆಕೆಂಡಿನ ಚೌಕಟ್ಟಿನಲ್ಲಿ ಅದು ಒಂದೋ ಎರಡೋ ಚುಕ್ಕೆ.

ಇಷ್ಟು ಜನರ ಗೆರೆ ಕೂಡಿಸಬೇಕಾದರೆ ಎಲ್ಲರ ಪೆಟ್ಟಿಗೆಯೂ ಒಂದೇ ಗಳಿಗೆ ಹೇಳಬೇಕು. ಎರಡನೇ ನಿಯೋ-6ಎಂನಿಂದ ಕಟ್ಟಿದ ಪೆಟ್ಟಿಗೆಯನ್ನು ಮೊದಲನೆಯದರ ಪಕ್ಕ ಇಟ್ಟು, ಎರಡೂ ಎಲ್‌ಇಡಿಯನ್ನು ಒಂದೇ ಕ್ಯಾಮೆರಾದಲ್ಲಿ ಒಂದೇ ಸಾಲಿನ ಎತ್ತರಕ್ಕೆ ಹೊಂದಿಸಿ, 5 ಮಿಲಿಸೆಕೆಂಡಿನ ಚೌಕಟ್ಟಿನಲ್ಲಿ 200 ಮಿಂಚು ಎಣಿಸಿದ್ದು. ಮೊದಲ ಸಲ 200ರಲ್ಲಿ 9 ಹೊಂದಲಿಲ್ಲ. ಒಂಬತ್ತೂ ಎರಡನೇ ಪೆಟ್ಟಿಗೆಯಲ್ಲಿ ಮಿಂಚೇ ಬೀಳದ ಸೆಕೆಂಡುಗಳು. 3ನೇ ಪಿನ್‌ನ ಬೆಸುಗೆ ಅರ್ಧ ಬಿಟ್ಟಿತ್ತು. ಮತ್ತೆ ಬೆಸೆದು, ಗೋಂದು ಹಾಕಿ, ಡಬ್ಬಿ ಕುಲುಕಿ ಎಣಿಸಿದಾಗ 200ಕ್ಕೆ 200.